ಸ್ಲೀಮನ್ ಮತ್ತು ಲಮೇಟಾದ ಎಲುಬುಗಳು

ವಿಲಿಯಂ ಹೆನ್ರಿ ಸ್ಲೀಮನ್ ಎಂದೊಡನೆ ನೆನಪಾಗುವುದು ಠಗ್ಗರ ದಮನ. ಠಗ್ಗರ ಕಥೆಯನ್ನು ಕಾದಂಬರಿಯಾಗಿಸಿ 1839ರಲ್ಲಿ ಪ್ರಕಟಿಸಿದ ಮೆಡೋಸ್ ಟೇಲರ್ ಮುಂದೆ ನಮ್ಮ ಸುರಪುರದ ಆಡಳಿತ ನೋಡಿಕೊಂಡವನಾದ್ದರಿಂದ ಆ ಪ್ರಸಂಗ ಕನ್ನಡದ ವಿದ್ವಾಂಸರಿಗೆ ಅಪರಿಚಿತವಲ್ಲ. ಸ್ಲೀಮನ್ ಬದುಕಿನ ಇನ್ನೊಂದು ಪುಟ ಮಾತ್ರ ಮರೆವಿಗೆ ಸಂದಿದೆ.

ಸ್ಲೀಮನ್ ಹುಟ್ಟಿದ್ದು 1788ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ. 1809ರಲ್ಲಿ ಬಂಗಾಳದ ಸೇನೆಯನ್ನು ಸೇರಿ ಭಾರತಕ್ಕೆ ಬಂದ. ನೇಪಾಳ ಯುದ್ಧದಲ್ಲಿ ಭಾಗವಹಿಸಿ, 1820ರ ಅನಂತರ ಸಾಗರ-ನರ್ಮದಾ ಪ್ರದೇಶದ ಆಡಳಿತಕ್ಕೆ ವರ್ಗಗೊಂಡ. ಪಾರಸಿ, ಅರಬ್ಬಿ, ಹಿಂದೂಸ್ತಾನಿಗಳನ್ನು ಕಲಿತಿದ್ದ ಈತ ಠಗ್ಗರ ಗುಪ್ತಭಾಷೆಯ ಶಬ್ದಗಳನ್ನೂ ಸಂಗ್ರಹಿಸಿ 1836ರಲ್ಲಿ ಗ್ರಂಥವಾಗಿ ಹೊರತಂದ. ಭಾಷಾಧ್ಯಯನದ ದೃಷ್ಟಿಯಿಂದ ಅದು ಇಂದಿಗೂ ಕುತೂಹಲಕರವಾದದ್ದು. ಆದರೆ ಆ ಶಬ್ದಗಳು ಬಂದದ್ದು ಮಾಫಿಸಾಕ್ಷಿಗಳಾದ ಬಂದಿಗಳ ಬಾಯಿಂದ. ಅದೇ ವರ್ಷದ ಕಾಯಿದೆಯು ಠಗ್ಗರ ಗುಂಪಿಗೆ ಸೇರಿದವನೆಂಬ ಕಾರಣವೊಂದಕ್ಕೇ ಜೀವಾವಧಿ ಶಿಕ್ಷೆಗೆ ಎಡೆಮಾಡಿತು. ಈ ನ್ಯಾಯಕ್ರಮವನ್ನು ಇತ್ತೀಚಿನ ಇತಿಹಾಸಕಾರರು ಸಂಶಯದಿಂದ ಕಾಣುತ್ತಾರೆ. ಆ ಸಂಶಯ ಅಕಾರಣವಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನು ಮರೆತ ಪುಟದ ಮಾತು. 1828ರಲ್ಲಿ ಜಬಲ್ಪುರದ ದಂಡುಪ್ರದೇಶದ ಸಮೀಪ, ಬಡಾ ಸಿಮ್ಲಾ ಗುಡ್ಡದಲ್ಲಿ, ಸ್ಲೀಮನ್ನನಿಗೆ ಕಲ್ಲಾಗಿ ಹೋದ ಭಾರೀ ಎಲುಬುಗಳು ದೊರೆತವು. ಡೈನೋಸಾರ್ ಎಂಬ ಪದವೇ ಆಗ ಹುಟ್ಟಿರಲಿಲ್ಲ. ರಿಚರ್ಡ್ ಓವೆನ್ ಅದನ್ನು ಟಂಕಿಸಿದ್ದು 1842ರಲ್ಲಿ. ಹೆಸರಿಲ್ಲದ ವಸ್ತುವನ್ನು ಎಸೆಯದೆ ಎತ್ತಿಟ್ಟದ್ದರಲ್ಲಿಯೇ ಆತನ ವಿವೇಕವಿದೆ. ಎಲುಬುಗಳು ವೈದ್ಯ ಸ್ಪಿಲ್ಸ್‌ಬರಿಯ ಮೂಲಕ ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ಪನನ್ನು ತಲುಪಿದವು. ಅಶೋಕನ ಬ್ರಾಹ್ಮೀಲಿಪಿಯನ್ನು ಓದಿದ ಪ್ರಿನ್ಸೆಪ್ಪನೇ ಈತ.

ಆ ಎಲುಬುಗಳಿದ್ದ ಸ್ತರಕ್ಕೆ ನರ್ಮದೆಯ ಲಮೇಟಾ ಘಾಟಿನಿಂದ ಲಮೇಟಾ ಶಿಲಾಸ್ತೋಮವೆಂಬ ಹೆಸರು ಬಂದಿದೆ. ಮರಳುಗಲ್ಲು, ಸುಣ್ಣಗಲ್ಲು, ಜೇಡಿಗಳಿಂದಾದ ಈ ಪದರಗಳು ಕ್ರಿಟೇಷಿಯಸ್ ಯುಗದ ಕೊನೆಯಲ್ಲಿ, ಸುಮಾರು 7 ಕೋಟಿ ವರ್ಷಗಳ ಹಿಂದೆ ಸಂಚಯಗೊಂಡವು. ಅವುಗಳ ಮೇಲೆ ದಖನ್ನಿನ ಲಾವಾ ಹರಿದು ಮುಚ್ಚಿತು. ಗುಜರಾತಿನಿಂದ ಮಹಾರಾಷ್ಟ್ರದವರೆಗೆ ಹರಡಿರುವ ಇದೇ ಸ್ತರಗಳಲ್ಲಿ ಡೈನೋಸಾರ್ ಮೊಟ್ಟೆಗಳ ಗೂಡುಗಳೂ ಸಿಕ್ಕಿವೆ; ರಾಜಾಸಾರಸ್ ಎಂಬ ಮಾಂಸಾಹಾರಿಗೆ 2003ರಲ್ಲಿ ಹೆಸರಿಡಲಾಯಿತು.

ಸ್ಲೀಮನ್ 1849ರಲ್ಲಿ ಲಖ್ನೋದ ರೆಸಿಡೆಂಟನಾದ. ಅವಧದ ದುರಾಡಳಿತವನ್ನು ಕಟುವಾಗಿ ವರದಿಮಾಡಿದರೂ ರಾಜ್ಯದ ಕಬಳಿಕೆಯನ್ನು ವಿರೋಧಿಸಿದ. ಆತನ ವರದಿಗಳನ್ನು ಕಂಪನಿ ಬಳಸಿಕೊಂಡಿತು, ಸಲಹೆಯನ್ನು ಬಿಟ್ಟಿತು. 1856ರ ಫೆಬ್ರುವರಿಯಲ್ಲಿ ಅವಧ ಕಂಪನಿಯ ವಶವಾಯಿತು. ಅದೇ ತಿಂಗಳ 10ರಂದು ಸ್ವದೇಶಕ್ಕೆ ಮರಳುತ್ತಿದ್ದ ಸ್ಲೀಮನ್ ಹಡಗಿನಲ್ಲಿ, ಸಿಂಹಳದ ಬಳಿ ತೀರಿಕೊಂಡ.

1877ರಲ್ಲಿ ರಿಚರ್ಡ್ ಲಿಡೆಕ್ಕರ್ ಬಡಾ ಸಿಮ್ಲಾದ ಎಲುಬುಗಳನ್ನು ಆಧರಿಸಿ ಟೈಟನೋಸಾರಸ್ ಇಂಡಿಕಸ್ ಎಂಬ ಹೆಸರನ್ನು ಕೊಟ್ಟ. ಆ ಲಕ್ಷಣಗಳು ಅನೇಕ ಪ್ರಾಣಿಗಳಿಗೆ ಸಮಾನವೆಂದು ಇಂದಿನ ತಜ್ಞರು ಆ ಜಾತಿನಾಮವನ್ನು ಸಂದಿಗ್ಧವೆಂದು ಬದಿಗಿಟ್ಟಿದ್ದಾರೆ. ಟೈಟನೋಸಾರ್ ಎಂಬ ವಂಶನಾಮ ಮಾತ್ರ ಉಳಿದಿದೆ. ಎಲುಬುಗಳು ದಶಕಗಳ ಕಾಲ ಕಳೆದುಹೋಗಿದ್ದವು. ಅವುಗಳಲ್ಲೊಂದು ಬಾಲದ ಕಶೇರು 2012ರಲ್ಲಿ ಕೊಲ್ಕತ್ತದ ಭೂವೈಜ್ಞಾನಿಕ ಸರ್ವೇಕ್ಷಣದ ಸಂಗ್ರಹದಲ್ಲಿಯೇ ಮತ್ತೆ ಪತ್ತೆಯಾಯಿತು.