ಮುದ್ದೆಯ ತಟ್ಟೆ ತುಂಬಿಸಿದ ರಾಗಿ ಲಕ್ಷ್ಮಣಯ್ಯ

ಧರ್ಮಪುರಿ: ಮುದ್ದೆ ಎಂದರೂ ಕಳಿ ಎಂದರೂ ಧರ್ಮಪುರಿ, ಕೃಷ್ಣಗಿರಿ ಸೀಮೆಯ ಒಲೆಗಳ ಮೇಲೆ ಬೇಯುವುದು ರಾಗಿಯೇ. ಈ ಬೆಳೆಗೆ ಹೊಸ ತಳಿಗಳನ್ನು ಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಲಕ್ಷ್ಮಣಯ್ಯ ಅವರದು. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು.

1921ರ ಮೇ 15ರಂದು ಮೈಸೂರು ಸಮೀಪದ ಹಾರೋಹಳ್ಳಿಯಲ್ಲಿ ಜನಿಸಿದ ಅವರು, ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ತಳಿ ಸಂಶೋಧನೆಗೆ ಬಾಳನ್ನೇ ಮುಡಿಪಾಗಿಟ್ಟರು. ಭತ್ತ, ಗೋಧಿಗಳತ್ತ ದೇಶದ ಗಮನ ಹರಿದಿದ್ದ ಕಾಲದಲ್ಲಿ ಅವರು ಹಿಡಿದದ್ದು ಮಳೆಯನ್ನೇ ನಂಬಿದ ಬಡ ರೈತನ ಧಾನ್ಯವನ್ನು.

ಕೆಲಸ ಸುಲಭದ್ದಾಗಿರಲಿಲ್ಲ. ಅಕ್ಕಡಿ ಸಾಲಿನ ಸಾಸಿವೆ ಹೂವಾದರೆ ಕಣ್ಣಿಗೆ ಕಾಣುತ್ತದೆ. ಗಂಡು ಭಾಗ ಕಿತ್ತು ಬೇರೆ ಗಿಡದ ಪರಾಗ ಮುಟ್ಟಿಸಬಹುದು. ರಾಗಿ ಹೂವು ಬಲು ಚಿಕ್ಕದು. ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ ಅರಳಿ, ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಎರಡು ತಳಿಗಳನ್ನು ಕೂಡಿಸಲು ಅಪಾರ ತಾಳ್ಮೆ ಬೇಕು.

1950ರ ದಶಕದಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಅವರ ಶ್ರಮದಿಂದ ಬಂದವು. ಆಮೇಲೆ ಅವರ ದೃಷ್ಟಿ ರಾಗಿಯ ಮೂಲ ನೆಲವಾದ ಆಫ್ರಿಕಾದತ್ತ ಹೊರಳಿತು. ಅಲ್ಲಿನ ರಾಗಿಯದು ದಪ್ಪ ಕಾಂಡ, ದೊಡ್ಡ ತೆನೆ. ಆದರೆ ಬಲಿಯುವುದು ತಡ. ನಮ್ಮ ರಾಗಿ ಬೇಗ ಕೊಯ್ಲಿಗೆ ಬರುತ್ತದೆ. ಎರಡನ್ನೂ ಕೂಡಿಸಿ ಅವರು ರೂಪಿಸಿದ್ದೇ ಇಂಡಾಫ್ ಸರಣಿ. ಭಾರತ ಮತ್ತು ಆಫ್ರಿಕಾದ ಹೆಸರುಗಳು ಸೇರಿ ಆ ಹೆಸರಾಯಿತು. ಮುಂಚಿತವಾಗಿ ಬಿತ್ತುವವರಿಗೆ ದೀರ್ಘಾವಧಿಯ ಇಂಡಾಫ್-8, ಮಳೆ ತಡವಾದರೆ ಅಲ್ಪಾವಧಿಯ ಇಂಡಾಫ್-9 ಹೀಗೆ ಹಂಗಾಮಿಗೆ ತಕ್ಕ ಬೀಜ ಸಿಕ್ಕಿತು. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ ರೈತರು ಒಳ್ಳೆಯ ತೆನೆ ಆರಿಸಿ ಮರುವರ್ಷಕ್ಕೆ ಬಿತ್ತನೆ ಇಟ್ಟುಕೊಳ್ಳಬಹುದಿತ್ತು.

ಎಲ್ಲ ತೊಂದರೆಯೂ ನೀಗಲಿಲ್ಲ. ಒಳ್ಳೆಯ ಇಳುವರಿ ಕೊಟ್ಟ ಇಂಡಾಫ್-5 ಬೆಂಕಿ ರೋಗಕ್ಕೆ ತುತ್ತಾಗುತ್ತಿತ್ತು. 1993ರಲ್ಲಿ ಲಕ್ಷ್ಮಣಯ್ಯನವರು ತೀರಿಕೊಂಡರು. ಅದೇ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಇಂಡಾಫ್-5 ಮತ್ತು ಇಂಡಾಫ್-9 ತಳಿಗಳ ಜೊತೆಗೆ ರೋಗ ತಡೆಯುವ ಇನ್ನೊಂದು ತಳಿಯನ್ನು ಬಳಸಿ ಜಿಪಿಯು-28 ಬಿಡುಗಡೆ ಮಾಡಿದರು. ಇದು ಬೆಂಕಿ ರೋಗವನ್ನು ತಡೆದುಕೊಂಡು ಜನಪ್ರಿಯವಾಯಿತು. ಜಿಪಿಯು-28 ಬಿತ್ತುವ ರೈತನ ಹೊಲದಲ್ಲಿ ಬೆಳೆಯುವುದು ಲಕ್ಷ್ಮಣಯ್ಯನವರ ರಾಗಿಯ ವಂಶವೇ.