1729: ಕಾಯಿಲೆ ವಿಚಾರಿಸಲು ಹೋದವರ ಕಥೆ

1729ರ ಕಥೆ ನಮಗೆಲ್ಲ ಗೊತ್ತು. 1 ಮತ್ತು 12ರ ಘನಗಳನ್ನು ಕೂಡಿದರೂ ಅದೇ, 9 ಮತ್ತು 10ರ ಘನಗಳನ್ನು ಕೂಡಿದರೂ ಅದೇ. ಡಿಸೆಂಬರ್ 22ರ ಗಣಿತ ದಿನ ಬಂತಂದ್ರೆ ಯಾರಾದ್ರೂ ಸ್ಟೇಜ್ ಮೇಲೆ ಇದನ್ನ ಹೇಳೇ ಹೇಳ್ತಾರೆ. ಆದರೆ ಆ ಮಾತು ನಡೆದದ್ದು ಕ್ಲಾಸಿನಲ್ಲಲ್ಲ, ಕಾಯಿಲೆ ಬಿದ್ದವನ ಹಾಸಿಗೆ ಪಕ್ಕ.

ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು 1887ರಲ್ಲಿ, ಈರೋಡಿನಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ಗಣಿತ ಬಿಟ್ಟು ಬೇರೆ ಯಾವ ವಿಷಯಕ್ಕೂ ಮನಸ್ಸು ಕೊಡದೆ ಕಾಲೇಜಿನ ಸ್ಕಾಲರ್‌ಶಿಪ್ ಕಳೆದುಕೊಂಡರು. 1905ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಓಡಿಹೋದರು. ಆಮೇಲೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜು ಸೇರಿದರು, ಅಲ್ಲೂ ಫೇಲ್. ನಮ್ಮ ಭಾಷೇಲಿ ಹೇಳೋದಾದ್ರೆ, ಬ್ಯಾಕ್‌ಲಾಗ್ ಕ್ಲಿಯರ್ ಆಗದೆ ಡಿಗ್ರಿನೇ ಕೈಬಿಟ್ಟ ಹುಡುಗ.

ಆ ವರ್ಷಗಳಲ್ಲಿ ಅವರನ್ನು ಉಳಿಸಿದ್ದು ಜೊತೆಗಿದ್ದ ಜನ. ಒಮ್ಮೆ ಕಾಯಿಲೆ ಬಿದ್ದಾಗ ಗೆಳೆಯ ರಾಧಾಕೃಷ್ಣ ಅಯ್ಯರ್ ಉಪಚಾರ ಮಾಡಿ ರೈಲು ಹತ್ತಿಸಿದರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್, ಹೇಳಿದ್ದು ಮೊದಲು ಅರ್ಥವಾಗದಿದ್ದರೂ, ಕೂತು ಕೇಳಿದರು. ತಿಂಗಳ ಖರ್ಚಿಗೆ ದುಡ್ಡೂ ಕೊಟ್ಟರು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತೆ ಕೆಲಸ ಸಿಕ್ಕಿತು. ಅಲ್ಲಿನ ಮೇಲಧಿಕಾರಿ ನಾರಾಯಣ ಅಯ್ಯರ್ ಆಫೀಸ್ ಮುಗಿದ ಮೇಲೆ ಸ್ಲೇಟು ಹಿಡಿದು ರಾಮಾನುಜನ್ ಜೊತೆ ಲೆಕ್ಕ ಮಾಡುತ್ತಾ ಕೂರುತ್ತಿದ್ದರು.

1914ರ ಏಪ್ರಿಲ್‌ನಲ್ಲಿ ರಾಮಾನುಜನ್ ಇಂಗ್ಲೆಂಡ್ ತಲುಪಿದರು. ಕೆಲವೇ ತಿಂಗಳಲ್ಲಿ ಮಹಾಯುದ್ಧ ಶುರುವಾಯಿತು. ಶುದ್ಧ ಸಸ್ಯಾಹಾರಿ, ರೂಮಿನಲ್ಲೇ ಅಡುಗೆ, ಒಬ್ಬರೇ ಊಟ. ಆಗ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಪಿ. ಸಿ. ಮಹಲನೋಬಿಸ್ ಒಂದು ದಿನ ರೂಮಿಗೆ ಬಂದು, ರಾತ್ರಿ ಚಳಿ ತಡೆಯುತ್ತಾ ಅಂತ ವಿಚಾರಿಸಿದರು. ರಾಮಾನುಜನ್ ಓವರ್‌ಕೋಟ್ ಹಾಕಿಕೊಂಡು, ಶಾಲು ಹೊದ್ದು ಮಲಗುತ್ತಿದ್ದರಂತೆ. ಮಹಲನೋಬಿಸ್ ಹಾಸಿಗೆ ನೋಡಿದರೆ ಕಂಬಳಿಗಳು ಅಲ್ಲೇ ಇದ್ದವು, ಹಾಸಿಗೆಗೆ ಸೇರಿಸಿ ಬಿಗಿಯಾಗಿ ಮಡಿಚಿಟ್ಟಿದ್ದರು. ಅವುಗಳನ್ನು ಬಿಡಿಸಿ ಒಳಗೆ ಸೇರಿ ಮಲಗಬೇಕು ಅನ್ನೋದು ರಾಮಾನುಜನ್‌ಗೆ ಗೊತ್ತೇ ಇರಲಿಲ್ಲ. ಮಹಲನೋಬಿಸ್ ತೋರಿಸಿಕೊಟ್ಟರು. ಅವರು ಕೇಳದೇ ಹೋಗಿದ್ದರೆ ರಾಮಾನುಜನ್ ತಾವಾಗಿ ಹೇಳುತ್ತಿದ್ದರಾ? ಅನುಮಾನ.

ಪ್ರೊಫೆಸರ್ ಹಾರ್ಡಿ ಹೆಚ್ಚುಕಮ್ಮಿ ದಿನಾ ಸಿಗುತ್ತಿದ್ದರು. ಮಾತೆಲ್ಲ ಗಣಿತದ್ದೇ. ಇತ್ತ ಊರಿನಲ್ಲಿ ಅತ್ತೆ-ಸೊಸೆ ನಡುವೆ ಮನಸ್ತಾಪ. ಹೆಂಡತಿ ಜಾನಕಿಯ ಪತ್ರಗಳು ಗಂಡನ ಕೈ ಸೇರುತ್ತಿರಲಿಲ್ಲ. ರಾಮಾನುಜನ್ ಮನೆಗೆ ಬರೆಯುವುದನ್ನೇ ನಿಲ್ಲಿಸಿದ್ದರು. 1917ರಲ್ಲಿ ಆರೋಗ್ಯ ಪೂರ್ತಿ ಕೆಟ್ಟ ಮೇಲೆಯೇ ಹಾರ್ಡಿಗೆ ಇದು ತಿಳಿದದ್ದು. ಪಾರ್ಟಿಷನ್ ಸೂತ್ರದ ಪ್ರತಿ ಹೆಜ್ಜೆ ಗೊತ್ತಿದ್ದ ಮನುಷ್ಯನಿಗೆ, ಜೊತೆಗಾರನ ಮನೆಯಿಂದ ಪತ್ರ ಬರುತ್ತಿಲ್ಲ ಅನ್ನೋದು ಗೊತ್ತಿರಲಿಲ್ಲ. ಇದರಲ್ಲಿ ಕೆಟ್ಟತನ ಏನೂ ಇಲ್ಲ. ಲ್ಯಾಬ್ ಪಾರ್ಟ್‌ನರ್ ಜೊತೆ ನಾವು ಇರೋದೂ ಹೀಗೇ.

1918ರ ಆರಂಭದಲ್ಲಿ ರಾಮಾನುಜನ್ ಲಂಡನ್‌ನಲ್ಲಿ ಪ್ರಾಣ ಬಿಡಲು ಯತ್ನಿಸಿದರು. ಬದುಕುಳಿದರು. ಆಗ ಅಲ್ಲಿ ಅದು ಅಪರಾಧ, ಪೊಲೀಸರು ಹಿಡಿದರು. ಹಾರ್ಡಿ ಖುದ್ದಾಗಿ ಹೋಗಿ ಅಧಿಕಾರಿಗಳ ಜೊತೆ ಮಾತಾಡಿ ಬಿಡಿಸಿಕೊಂಡು ಬಂದರು. ಅದೇ ವರ್ಷ ರಾಯಲ್ ಸೊಸೈಟಿ ಫೆಲೋಶಿಪ್, ಟ್ರಿನಿಟಿ ಕಾಲೇಜಿನ ಫೆಲೋಶಿಪ್ ಎರಡೂ ಬಂದವು.

ಇಂಥ ದಿನಗಳಲ್ಲೇ ಒಮ್ಮೆ ಹಾರ್ಡಿ ಪಟ್ನಿಯಲ್ಲಿ ಚಿಕಿತ್ಸೆಯಲ್ಲಿದ್ದ ರಾಮಾನುಜನ್‌ರನ್ನು ನೋಡಲು ಟ್ಯಾಕ್ಸಿ ಹತ್ತಿದರು. ಸಂಕೋಚದ ಮನುಷ್ಯ, ಮಾತು ಶುರು ಮಾಡೋದೇ ಅವರಿಗೆ ಕಷ್ಟ. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ. ಬಂದ ಟ್ಯಾಕ್ಸಿಯ ನಂಬರ್ 1729 ತೀರಾ ಸಪ್ಪೆ ಸಂಖ್ಯೆ ಅಂದುಬಿಟ್ಟರು, ಅಷ್ಟೆ. ಮುಂದಿನದು ನಿಮಗೆ ಗೊತ್ತಿರೋದೇ. ಮಲಗಿದ್ದ ರೋಗಿ ತಕ್ಷಣ ಆ ಸಂಖ್ಯೆಯ ಗುಟ್ಟು ಬಿಚ್ಚಿಟ್ಟರು. ಹಾರ್ಡಿ ಆಡಿದ ಮಾತಿನಲ್ಲಿ ವಿಶೇಷ ಏನಿರಲಿಲ್ಲ. ಎದ್ದು ಹೋಗಿ ಪಕ್ಕದಲ್ಲಿ ಕೂತರಲ್ಲ, ಅದೇ ವಿಶೇಷ.

1919ರಲ್ಲಿ ರಾಮಾನುಜನ್ ಊರಿಗೆ ಮರಳಿದರು. ಜಾನಕಿ ಹಗಲು ರಾತ್ರಿ ನೋಡಿಕೊಂಡರು. ಗಂಡ-ಹೆಂಡತಿ ನಿಜವಾಗಿ ಒಬ್ಬರನ್ನೊಬ್ಬರು ಅರಿತದ್ದು ಆ ಒಂದು ವರ್ಷದಲ್ಲಿ. ಹಾಸಿಗೆಯಲ್ಲೇ ಮಾಕ್ ಥೀಟಾ ಫಂಕ್ಷನ್‌ಗಳ ಕೆಲಸ ಸಾಗಿತ್ತು. 1920ರ ಏಪ್ರಿಲ್ 26ರಂದು ತೀರಿಕೊಂಡರು, ವಯಸ್ಸು 32.

ಇಂಟರ್ನಲ್ಸ್, ಪ್ಲೇಸ್‌ಮೆಂಟ್ ಸೀಸನ್ ಬಂದಾಗ ನಮ್ಮ ವಿಂಗ್‌ನಲ್ಲೂ ಮೆಸ್‌ಗೆ ಬರೋದು ಬಿಟ್ಟವರು, ಬಾಗಿಲು ಹಾಕಿಕೊಂಡವರು ಇರ್ತಾರೆ. ಅವರಿಗೆ ಹೇಳೋಕೆ ದೊಡ್ಡ ಮಾತು ಹುಡುಕಬೇಡಿ. ಊಟ ಆಯ್ತಾ, ನಿದ್ದೆ ಬರ್ತಿದ್ಯಾ, ಮನೆಗೆ ಫೋನ್ ಮಾಡಿದ್ಯಾ ಅಂತ ಕೇಳಿ; ಉತ್ತರ ಬರೋವರೆಗೂ ಕೂತಿರಿ. ಸಾಯೋ ಮಾತು ಬಂದ್ರೆ ಮಾತ್ರ ಅದನ್ನ ಗುಟ್ಟಾಗಿ ಇಟ್ಕೋಬೇಡಿ. ಅವರನ್ನ ಒಂಟಿಯಾಗಿ ಬಿಡದೆ ವಾರ್ಡನ್ ಅಥವಾ ಕೌನ್ಸೆಲರ್ ಹತ್ರ ಕರ್ಕೊಂಡು ಹೋಗಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. 1729ರ ಜೊತೆ ಈ ನಂಬರೂ ನೆನಪಿರಲಿ.