ಗಂಜಾಮಿನ ದೊಡ್ಡಸ್ವಾಮಿ ಅಬ್ಬೆ ದುಬೋಯ್



ಆಗಮನ ಕಾಲ ಅಂದರೆ ಕಾಯುವ ಕಾಲ. ಕ್ರಿಸ್ತ ಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಯೆಶಾಯ ಪ್ರವಾದಿಯ ವಾಚನಗಳನ್ನು ಕೇಳುತ್ತೇವೆ, ಸ್ನಾನಿಕ ಯೊವಾನ್ನರ ಕರೆಯನ್ನು ಕೇಳುತ್ತೇವೆ. ಕೇಳುವುದು ಸುಲಭ. ಕೇಳಿದ್ದನ್ನು ಬಾಳುವುದು ಕಷ್ಟ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬೆಟ್ಟ ಹತ್ತಿ ಬರುವ ಭಕ್ತರಿಗೆ ಹಾಗೆ ಬಾಳಿದ ಒಬ್ಬ ಗುರುವಿನ ಗುರುತು ಹತ್ತಿರದಲ್ಲೇ ಇದೆ. ಶ್ರೀರಂಗಪಟ್ಟಣದ ಮಗ್ಗುಲಲ್ಲಿರುವ ಗಂಜಾಮಿನ ಹಳೆಯ ಚರ್ಚನ್ನು ಇಂದಿಗೂ ಜನ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅವರೇ ಅಬ್ಬೆ ದುಬೋಯ್. ಅಂದಿನ ಜನರ ಬಾಯಲ್ಲಿ ಅವರು ದೊಡ್ಡಸ್ವಾಮಿ.

ಅವರ ಪೂರ್ಣ ಹೆಸರು ಜೀನ್ ಆಂಟ್ವಾನ್ ದುಬೋಯ್. ಫ್ರಾನ್ಸ್ ದೇಶದ ದಕ್ಷಿಣದ ಬೆಟ್ಟಗಾಡಿನ ಸೀಮೆಯಲ್ಲಿ, ಸಂತ ರೆಮೆಜ್ ಎಂಬ ಹಳ್ಳಿಯಲ್ಲಿ 1766ರಲ್ಲಿ ಹುಟ್ಟಿದರು. 1792ರಲ್ಲಿ ಗುರುದೀಕ್ಷೆ ಪಡೆದರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಹೊತ್ತು. ಸರ್ಕಾರ ಹೇಳಿದ ಪ್ರಮಾಣವಚನಕ್ಕೆ ಒಪ್ಪದ ಗುರುಗಳನ್ನು ಹಿಡಿದು ಸೆರೆಗೆ ಹಾಕುತ್ತಿದ್ದರು, ಕೊಲ್ಲುತ್ತಲೂ ಇದ್ದರು. ಅದೇ ವರ್ಷ ಅವರು ಪ್ಯಾರಿಸ್ಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟುಬಿಟ್ಟರು. ಪಾಂಡಿಚೇರಿಗೆ ಬಂದು, ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಸೇವೆ ಮಾಡಿದರು.

ಬಂದವರು ಫ್ರೆಂಚ್ ಪಾದ್ರಿಯಾಗಿ ಉಳಿಯಲಿಲ್ಲ. ಇಲ್ಲಿಯವರಂತೆ ಉದ್ದನೆಯ ಬಿಳಿ ಬಟ್ಟೆ ಉಟ್ಟರು, ತಲೆಗೆ ರುಮಾಲು ಸುತ್ತಿದರು, ಗಡ್ಡ ಬಿಟ್ಟರು. ಜನರಿಗೆ ಹೇಸಿಗೆ ಎನಿಸುವ ಊಟ ಬಿಟ್ಟರು. ಹಳ್ಳಿಗರ ನಡುವೆ ಕೂತು ಅವರ ಮಾತು ಕಲಿತರು, ಅವರ ಹಬ್ಬ, ಮದುವೆ, ಸಾವು ನೋವು ಎಲ್ಲವನ್ನೂ ಕಣ್ಣಿಟ್ಟು ನೋಡಿದರು. ದೇವರೇ ಮನುಷ್ಯನಾಗಿ ಮನುಷ್ಯರ ನಡುವೆ ಬೀಡು ಬಿಟ್ಟ ಮೇಲೆ, ಅವನ ಸೇವಕ ಜನರಿಂದ ದೂರ ಇರುವುದು ಹೇಗೆ?

ಇತ್ತ ಕಾವೇರಿ ಸೀಮೆಯಲ್ಲಿ ಕ್ರೈಸ್ತ ಧರ್ಮ ಹೊಸದೇನಲ್ಲ. 1649ರ ಸುಮಾರಿಗೇ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದ್ದರು. ಆದರೆ ಟಿಪ್ಪು ಸುಲ್ತಾನರ ಕಾಲಕ್ಕೆ ಆ ಸಭೆಗೆ ದೊಡ್ಡ ಪೆಟ್ಟು ಬಿತ್ತು. ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ 1784ರಲ್ಲಿ, ವಿಭೂತಿ ಬುಧವಾರದಂದು, ಮಂಗಳೂರು ಸೀಮೆಯ ಸಾವಿರ ಸಾವಿರ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲೇ ಎಷ್ಟೋ ಜನ ಸತ್ತರು. ಉಳಿದವರಲ್ಲಿ ಅನೇಕರನ್ನು ಬಲವಂತದಿಂದ ಮತಾಂತರ ಮಾಡಲಾಯಿತು. ಬಲಿಪೂಜೆ ಇಲ್ಲ, ಗುರುಗಳಿಲ್ಲ, ಬಹಿರಂಗವಾಗಿ ಶಿಲುಬೆಯ ಗುರುತು ಹಾಕುವಂತಿಲ್ಲ. ಹೀಗೆ ಹದಿನೈದು ವರ್ಷ! ಅಂದರೆ ಹದಿನೈದು ಆಗಮನ ಕಾಲಗಳು ಬಂದು ಹೋದವು, ಯಾರೂ ಬರಲಿಲ್ಲ.

1799ರ ಮಾರ್ಚಿ 27ರಂದು ಮಳವಳ್ಳಿಯ ಬಯಲಲ್ಲಿ ಇಂಗ್ಲಿಷ್ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಕದನವಾಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಸುಲ್ತಾನರು ಹೋರಾಡುತ್ತಲೇ ಮಡಿದರು. ಯುದ್ಧ ಗೆದ್ದವರದ್ದು ಒಂದು ಕಥೆ, ಸೋತವರದ್ದು ಒಂದು ಕಥೆ. ನಡುವೆ ಸಿಕ್ಕಿದ ಬಡಜನರ ಕಥೆ ಕೇಳುವವರು ಯಾರು? ಮನೆಮಠ ಕಳೆದುಕೊಂಡು ಚೆದುರಿದ್ದ ಆ ಕ್ರೈಸ್ತರನ್ನು ಒಟ್ಟುಗೂಡಿಸಲು ಕರೆ ಬಂದಾಗ ದುಬೋಯ್ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದರು.

ಅವರ ಮುಂದೆ ಮೊದಲು ನಿಂತದ್ದು ಕಷ್ಟದ ಪ್ರಶ್ನೆ. ಪ್ರಾಣಭಯದಿಂದ ವಿಶ್ವಾಸ ಬಿಟ್ಟವರು ಈಗ ತಲೆ ತಗ್ಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಇವರನ್ನು ಒಳಗೆ ಕರೆಯಬೇಕೋ ಬೇಡವೋ? ಊರುಕೇರಿಯಲ್ಲಿ ಜಾತಿ ಕೆಟ್ಟವರು ಅಂತ ಆಡಿಕೊಳ್ಳುವವರು ಬೇರೆ. ಗುರುಗಳು ಬಾಗಿಲು ತೆರೆದರು. ಪಾಪನಿವೇದನೆ ಕೇಳಿ, ಪಶ್ಚಾತ್ತಾಪ ಪಟ್ಟವರನ್ನು ಮತ್ತೆ ಸಭೆಗೆ ಸೇರಿಸಿಕೊಂಡರು. ಅತ್ತ ಮಂಗಳೂರು ಕಡೆಯವರು ಬಹಳ ಮಂದಿ ತಮ್ಮ ಊರುಗಳಿಗೆ ಹಿಂತಿರುಗಿದರು. ಇತ್ತ ಗಂಜಾಮಿನಲ್ಲಿ ಮರಿಯಮ್ಮನ ಚರ್ಚು ಎದ್ದಿತು. ಅದು ಅಮಲೋದ್ಭವ ಮಾತೆಗೆ ಅರ್ಪಿತವಾದ ಚರ್ಚು. ಆ ಮಾತೆಯ ಹಬ್ಬ ಡಿಸೆಂಬರ್ 8ರಂದು, ಸರಿಯಾಗಿ ಆಗಮನ ಕಾಲದ ನಡುವೆಯೇ ಬರುತ್ತದೆ. ಕಾದು ಕಾದು ಸೋತವರಿಗೆ ಇದಕ್ಕಿಂತ ಒಳ್ಳೆಯ ತಾಯಿ ಇನ್ನೆಲ್ಲಿ?

ಕ್ಷಮೆ ಸಿಕ್ಕಿತು, ಸರಿ. ಹೊಟ್ಟೆಗೆ? ಭೂಮಿ ಇಲ್ಲದವನಿಗೆ ಬರೀ ಬೋಧನೆಯಿಂದ ಏನೂ ಆಗದು ಎಂದು ದೊಡ್ಡಸ್ವಾಮಿಗೆ ಗೊತ್ತಿತ್ತು. ಹಾಸನ ಸೀಮೆಯ ಸಾತಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ನೇಗಿಲು ಹಿಡಿದವನು ಮುಂದಿನ ಮಳೆಯನ್ನು ನಂಬುತ್ತಾನೆ. ಬಿತ್ತುವುದೇ ಒಂದು ಭರವಸೆ.

ಇನ್ನೊಂದು ದೊಡ್ಡ ಶತ್ರು ಸಿಡುಬು. ಆಗ ಅದು ಊರೂರನ್ನೇ ಗುಡಿಸಿ ಹಾಕುತ್ತಿತ್ತು. ಅಮ್ಮ ಬಂದಳು ಅಂತ ಜನ ಬೇವಿನ ಸೊಪ್ಪು ಕಟ್ಟಿ ಕೈ ಮುಗಿದು ಕೂರುತ್ತಿದ್ದರು. ಬದುಕಿದ ಕೂಸಿಗೂ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನಿಂದ ಲಸಿಕೆ ಕಂಡುಹಿಡಿದಿದ್ದರು. ಅದು 1802ರಲ್ಲಿ ಮುಂಬಯಿಗೆ ಮುಟ್ಟಿತು. ಆಗ ಶೀತಲಪೆಟ್ಟಿಗೆ ಇಲ್ಲ, ಸೂಜಿಮದ್ದು ಇಲ್ಲ. ಲಸಿಕೆ ಹಾಕಿದ ಮಗುವಿನ ತೋಳಿನ ಗುಳ್ಳೆಯಿಂದ ಕೀವು ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕು. ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ. ಒಂದು ಕಡೆ ಸರಪಳಿ ತುಂಡಾದರೆ ಮುಂದೆ ಇಲ್ಲ.

ಇಂಥದ್ದನ್ನು ಜನ ಸುಮ್ಮನೆ ಒಪ್ಪುತ್ತಾರೆಯೇ? ಪರಂಗಿಯವರು ಕೂಸುಗಳಿಗೆ ಏನೋ ಮಾಡುತ್ತಾರೆ ಎಂಬ ಹೆದರಿಕೆ. ಆದರೆ ಇದನ್ನು ಹೇಳುತ್ತಿರುವವರು ತಮ್ಮಂತೆಯೇ ಬಟ್ಟೆ ಉಟ್ಟ, ತಮ್ಮ ಜಗಲಿಯ ಮೇಲೆ ಕೂತ ದೊಡ್ಡಸ್ವಾಮಿ. ವರ್ಷಗಟ್ಟಲೆ ಗಳಿಸಿದ ಆ ನಂಬಿಕೆ ಈಗ ಕೆಲಸಕ್ಕೆ ಬಂತು. 1803–04ರ ಕೆಲವೇ ತಿಂಗಳಲ್ಲಿ ಮೈಸೂರು ರಾಜ್ಯದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. ಕ್ರೈಸ್ತರು ಎಷ್ಟು, ಬೇರೆಯವರು ಎಷ್ಟು ಎಂದು ರೋಗ ಕೇಳುವುದಿಲ್ಲ, ಮದ್ದೂ ಕೇಳಬಾರದು. 1975ರಲ್ಲಿ ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡಿತು. 1980ರಲ್ಲಿ ಇಡೀ ಲೋಕವೇ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ನಮ್ಮ ನಾಡಿನಲ್ಲಿ ಆ ಸರಪಳಿಯ ಮೊದಲ ಕೊಂಡಿಗಳಲ್ಲಿ ಗಂಜಾಮಿನ ಈ ಗುರುವೂ ಒಬ್ಬರು.

ಅವರು ಬರೆದ ಹಿಂದೂಗಳ ಆಚಾರ ವಿಚಾರಗಳ ಗ್ರಂಥವೂ ಲೋಕಪ್ರಸಿದ್ಧ. ಇಂಗ್ಲಿಷ್ ಕಂಪನಿ ಹಸ್ತಪ್ರತಿಯನ್ನು ಹಣ ಕೊಟ್ಟು ಕೊಂಡಿತು. ಅದರ ಬಹುಪಾಲು ಹಿಂದಿನ ಯೇಸುಸಭೆಯ ಗುರು ಕೇರ್ದೂ ಅವರ ಬರಹದಿಂದ ಎತ್ತಿಕೊಂಡದ್ದು ಎಂದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ನಮ್ಮ ಜನರ ಬಗ್ಗೆ ಅದರಲ್ಲಿ ಕಟುವಾದ ಮಾತುಗಳೂ ಉಂಟು. ದೊಡ್ಡಸ್ವಾಮಿಯೂ ಮನುಷ್ಯರೇ, ಕುಂದಿಲ್ಲದವರಲ್ಲ.

ಎಲ್ಲಕ್ಕಿಂತ ಆಶ್ಚರ್ಯದ ಸಂಗತಿ ಇದು. ಇಷ್ಟೆಲ್ಲ ಮಾಡಿದ ಗುರುಗಳ ಮನಸ್ಸು ಕೊನೆಕೊನೆಗೆ ಸೋತುಹೋಯಿತು. ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಇನ್ನು ಮುಂದೆ ದಾರಿಯಿಲ್ಲ, ತನ್ನ ದುಡಿಮೆ ಫಲ ಕೊಡಲಿಲ್ಲ ಎಂಬ ಅರ್ಥದ ಪತ್ರಗಳನ್ನು ಬರೆದರು. 1823ರಲ್ಲಿ ಅವು ಲಂಡನ್ನಿನಲ್ಲಿ ಅಚ್ಚಾದವು, ದೊಡ್ಡ ವಾದವೇ ಎದ್ದಿತು. ಅದೇ ವರ್ಷ ಜನವರಿಯಲ್ಲಿ, ಮೂವತ್ತು ವರ್ಷಕ್ಕೂ ಮಿಕ್ಕಿದ ಸೇವೆಯ ನಂತರ, ಅವರು ಭಾರತ ಬಿಟ್ಟು ಹೊರಟರು. ಮತ್ತೆ ಬರಲಿಲ್ಲ.

ಆಗಮನ ಕಾಲದ ಶುಭಸಂದೇಶದಲ್ಲಿ ಸ್ನಾನಿಕ ಯೊವಾನ್ನರ ಪ್ರಸಂಗವೊಂದು ಬರುತ್ತದೆ. ದಾರಿ ಸಿದ್ಧಮಾಡಿದ ಅವರೇ ಸೆರೆಮನೆಯ ಕತ್ತಲಲ್ಲಿ ಕೂತು, ಬರಬೇಕಾದವರು ಇವರೇ ಹೌದೋ ಎಂದು ಸಂದೇಹಪಟ್ಟು ಶಿಷ್ಯರನ್ನು ಕಳಿಸುತ್ತಾರೆ. ಪ್ರಭು ಯೇಸು ಅವರನ್ನು ಗದರುವುದಿಲ್ಲ. ಕುರುಡರಿಗೆ ಕಣ್ಣು ಬಂದದ್ದನ್ನು, ಕುಂಟರು ನಡೆದದ್ದನ್ನು, ಬಡವರಿಗೆ ಶುಭವಾರ್ತೆ ಮುಟ್ಟಿದ್ದನ್ನು ಹೋಗಿ ತಿಳಿಸಿರೆಂದು ಕಳಿಸಿಕೊಡುತ್ತಾರೆ. ದುಬೋಯ್ ಗುರುಗಳ ಸಂದೇಹಕ್ಕೂ ಉತ್ತರ ಅಲ್ಲೇ ಇದೆ. ಸಿಡುಬಿನಿಂದ ಕಣ್ಣು ಉಳಿದ ಕೂಸುಗಳು, ನೇಗಿಲು ಹಿಡಿದ ಬಡವರು, ತಲೆ ಎತ್ತಿ ಮತ್ತೆ ಬಲಿಪೂಜೆಗೆ ಬಂದ ಜನ. ಅವರು ಲೆಕ್ಕ ಹಾಕಿದ್ದು ಎಷ್ಟು ಜನ ಹೊಸದಾಗಿ ಸೇರಿದರು ಎಂದು. ದೇವರ ಲೆಕ್ಕದ ಪುಸ್ತಕ ಬೇರೆ.

ಫ್ರಾನ್ಸಿಗೆ ಮರಳಿದ ಅವರು ಸುಮ್ಮನೆ ಕೂರಲಿಲ್ಲ. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಅಚ್ಚು ಮಾಡಿಸಿದರು. ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿ, ದೂರದೇಶಗಳಿಗೆ ಹೊರಡುವ ಎಳೆಯ ಗುರುಗಳನ್ನು ತಯಾರು ಮಾಡಿದರು. ಆಸೆ ಬಿಟ್ಟೆ ಎಂದು ಬರೆದವರು ಮಾಡುವ ಕೆಲಸವೇ ಇದು? ಮಾತು ಸೋತರೂ ಬಾಳು ಸೋತಿರಲಿಲ್ಲ. 1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

ಅವರು ಕೈಬಿಟ್ಟ ಭರವಸೆಯನ್ನು ಈ ಮಣ್ಣು ಕೈಬಿಡಲಿಲ್ಲ. 1850ರಲ್ಲಿ ಮೈಸೂರು ಪ್ರತ್ಯೇಕ ಅಪೋಸ್ತಲಿಕ ವಿಕಾರಿಯೇಟ್ ಆಯಿತು. 2010ರಲ್ಲಿ ಸಿರೋ ಮಲಬಾರ್ ಸಭೆಯವರಿಗೆ ಮಂಡ್ಯದ ಹೆಸರಿನಲ್ಲೇ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಗಂಜಾಮಿನಲ್ಲಿ ದೊಡ್ಡಸ್ವಾಮಿಯ ಚರ್ಚು ಇಂದಿಗೂ ನಿಂತಿದೆ.

ಯಾತ್ರಿಕರೇ, ಬೆಟ್ಟ ಇಳಿದು ಮನೆಗೆ ಹೋಗುವಾಗ ಯಾರ ಮನೆಯ ಬಾಗಿಲಲ್ಲಿ ಯಾರು ತಲೆ ತಗ್ಗಿಸಿ ನಿಂತಿದ್ದಾರೆ ಎಂದು ಒಮ್ಮೆ ನೋಡಿ. ಮುನಿಸಿಕೊಂಡ ಅಣ್ಣತಮ್ಮಂದಿರಿರಬಹುದು, ಸಾಲದಲ್ಲಿ ಸಿಕ್ಕಿಬಿದ್ದ ನೆರೆಯವರಿರಬಹುದು, ಔಷಧಿಗೆ ಗತಿಯಿಲ್ಲದ ಮುದುಕಿ ಇರಬಹುದು. ಈ ಆಗಮನ ಕಾಲದಲ್ಲಿ ಅವರಿಗೆ ಬಾಗಿಲು ತೆರೆಯಿರಿ. ಫಲ ಕಣ್ಣಿಗೆ ಕಾಣಲಿಲ್ಲವೆಂದು ಬೇಸರಿಸಬೇಡಿ. ಬಿತ್ತುವುದು ನಮ್ಮ ಕೆಲಸ, ಮೊಳಕೆ ಒಡೆಸುವುದು ದೇವರದ್ದು. ಅಮಲೋದ್ಭವ ಮಾತೆ ನಿಮ್ಮನ್ನೂ ನಿಮ್ಮ ಮನೆಯವರನ್ನೂ ಹರಸಲಿ. ಆಮೆನ್.